ತುರ್ತು, ಅತಿ ತುರ್ತು ಮತ್ತು ‘ಓಕೆ ಸರ್’

ಇಮೇಲು, ವಾಟ್ಸ್‌ಆ್ಯಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ – ಕೆಲಸವೆಲ್ಲ ಮೊಬೈಲಿನ ಮೂಲಕವೇ ಬರತೊಡಗಿದ ಮೇಲೆ ಕೆಲಸ ಮಾಡಲು ಹೊತ್ತು ಸಿಗುತ್ತಿಲ್ಲ. ಇದಕ್ಕೆ ಹೊಸ ಆ್ಯಪ್ ಹುಡುಕುವ ಮೊದಲು ಹಳೆಯ ಕಚೇರಿಗಳ ಟಪಾಲು ಶಾಖೆಯತ್ತ ಒಮ್ಮೆ ನೋಡಬಹುದು.

ಬೆಳಿಗ್ಗೆ ಹತ್ತು ಗಂಟೆ. ಪ್ರಾರ್ಥನೆ ಮುಗಿದು ಮಕ್ಕಳು ತರಗತಿ ಸೇರಿದ್ದಾರೆ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ ಐದನೇ ತರಗತಿಗೆ ಗಣಿತ ತೆಗೆದುಕೊಳ್ಳಲು ಎದ್ದಿದ್ದಾರೆ. ಅಷ್ಟರಲ್ಲಿ ಮೇಜಿನ ಮೇಲಿನ ಮೊಬೈಲು ಗುಂಯ್‌ಗುಡುತ್ತದೆ. ಕ್ಲಸ್ಟರ್ ಗ್ರೂಪಿನಲ್ಲಿ ಸಂದೇಶ: ‘ಅತಿ ತುರ್ತು. ಎಲ್ಲ ಮುಖ್ಯ ಶಿಕ್ಷಕರ ಗಮನಕ್ಕೆ. ಈ ಮೇಲಿನ ನಮೂನೆಯಲ್ಲಿ ಮಾಹಿತಿಯನ್ನು ಇಂದು 11 ಗಂಟೆಯೊಳಗೆ ಕಡ್ಡಾಯವಾಗಿ ಸಲ್ಲಿಸುವುದು.’ ಅದರ ಕೆಳಗೆ ‘ಓಕೆ ಸರ್’. ಅದರ ಕೆಳಗೆ ಮತ್ತೊಂದು ‘ಓಕೆ ಸರ್’. ‘ನೋಟೆಡ್ ಸರ್’. ಸಾಲು ಸಾಲು ಮುಗಿದ ಕೈಗಳು. ನಡುವೆ ಯಾರದೋ ಹುಟ್ಟುಹಬ್ಬದ ಕೇಕು, ಅದಕ್ಕೆ ಬಂದ ಶುಭಾಶಯಗಳು. ನಮೂನೆ ಎಲ್ಲಿದೆ ಎಂದು ಬೆರಳಿನಲ್ಲಿ ತಳ್ಳುತ್ತಾ ಹೋದರೆ ಸಿಗುವುದು ನಿನ್ನೆಯ ಇನ್ನೊಂದು ‘ಅತಿ ತುರ್ತು’. ಅದಕ್ಕೂ ಉತ್ತರ ಹೋಗಿಲ್ಲ. ಭಿನ್ನರಾಶಿಯ ಪಾಠ ನಾಳೆಗೆ ಹೋಗುತ್ತದೆ.

ಅದೇ ಹೊತ್ತಿಗೆ ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಒಬ್ಬ ಎಂಜಿನಿಯರು ಔಟ್‌ಲುಕ್, ಟೀಮ್ಸ್, ಸ್ಲ್ಯಾಕ್ ಮೂರನ್ನೂ ತೆರೆದಿಟ್ಟುಕೊಂಡು, ಮೂರರಲ್ಲೂ ಬಂದಿರುವ ಒಂದೇ ಪ್ರಶ್ನೆಗೆ ಎಲ್ಲಿ ಉತ್ತರಿಸಲಿ ಎಂದು ನೋಡುತ್ತಿರುತ್ತಾನೆ. ಸಕಲೇಶಪುರದ ಕಡೆಯ ಹೋಂಸ್ಟೇ ಮಾಲೀಕರಿಗೆ ಇನ್‌ಸ್ಟಾಗ್ರಾಂನಲ್ಲಿ ಒಬ್ಬರು, ವಾಟ್ಸ್‌ಆ್ಯಪ್‌ನಲ್ಲಿ ಇನ್ನೊಬ್ಬರು, ಬುಕಿಂಗ್ ತಾಣದ ಇಮೇಲಿನಲ್ಲಿ ಮತ್ತೊಬ್ಬರು ಶನಿವಾರದ ಅದೇ ಕೋಣೆಯನ್ನು ಕೇಳುತ್ತಿರುತ್ತಾರೆ.

ಮೂವರೂ ಸೋಮಾರಿಗಳಲ್ಲ, ತಂತ್ರಜ್ಞಾನ ತಿಳಿಯದವರೂ ಅಲ್ಲ. ಆದರೂ ದಿನದ ಕೊನೆಗೆ ಮೂವರದೂ ಒಂದೇ ಮಾತು: ‘ಇಡೀ ದಿನ ಮೆಸೇಜ್ ನೋಡೋದೇ ಆಯ್ತು, ಕೆಲಸ ಏನೂ ಆಗ್ಲಿಲ್ಲ.’

ಟಪಾಲು ಗುಮಾಸ್ತ ಎಲ್ಲಿ ಹೋದ?

ಹಳೆಯ ಕಚೇರಿಗಳಲ್ಲಿ ದುಡಿದವರಿಗೆ ಆವಕ–ಜಾವಕ ವಹಿ ಗೊತ್ತು. ಟಪಾಲು ಬಂದರೆ ಕವರು ಒಡೆದು, ಮೊಹರು ಒತ್ತಿ, ತಾರೀಕು ಹಾಕಿ, ಕ್ರಮಸಂಖ್ಯೆ ಕೊಟ್ಟು, ಯಾರಿಂದ ಬಂತು, ವಿಷಯವೇನು ಎಂದು ವಹಿಯಲ್ಲಿ ಬರೆಯಲು ಒಬ್ಬ ಗುಮಾಸ್ತ ಇರುತ್ತಿದ್ದ. ದಿನದ ಪತ್ರಗಳೆಲ್ಲ ಒಂದೇ ಕಟ್ಟಾಗಿ ಸಾಹೇಬರ ಮೇಜಿಗೆ ಹೋಗುತ್ತಿದ್ದವು. ಸಾಹೇಬರು ಒಂದೊಂದರ ಮೇಲೂ ಯಾವ ವಿಷಯ ನಿರ್ವಾಹಕರಿಗೆ ಎಂದು ಗುರುತು ಹಾಕಿ ಚಿಕ್ಕ ರುಜು ಮಾಡುತ್ತಿದ್ದರು. ಉತ್ತರ ಹೋದ ಮೇಲೆ ‘ವಿಲೇವಾರಿ’. ಹೋಗದಿದ್ದರೆ ಮೇಲಿನ ಕಚೇರಿಯಿಂದ ನೆನಪೋಲೆ.

ಆ ವ್ಯವಸ್ಥೆಯನ್ನು ಹಾಡಿ ಹೊಗಳಬೇಕಿಲ್ಲ. ಅದರಲ್ಲಿ ಕಡತಗಳು ವರ್ಷಗಟ್ಟಲೆ ಧೂಳು ತಿಂದಿದ್ದೂ ಉಂಟು. ಆದರೆ ಅದರಲ್ಲಿ ಮೂರು ಒಳ್ಳೆಯ ಗುಣಗಳಿದ್ದವು. ಪತ್ರಕ್ಕೆ ಕಚೇರಿಯೊಳಗೆ ಬರಲು ಒಂದೇ ಬಾಗಿಲಿತ್ತು. ಪತ್ರ ಬರುವ ಹೊತ್ತೂ ಅದರ ಮೇಲೆ ಕೆಲಸ ಮಾಡುವ ಹೊತ್ತೂ ಬೇರೆಯಾಗಿದ್ದವು. ಪ್ರತಿ ಪತ್ರಕ್ಕೂ ಒಬ್ಬ ಹೊಣೆಗಾರ ಇರುತ್ತಿದ್ದ. ಕಳೆದ ಮೂವತ್ತು ವರ್ಷಗಳಲ್ಲಿ ನಾವು ಕಳೆದುಕೊಂಡಿದ್ದು ಈ ಮೂರನ್ನೇ.

ಅದು ಒಂದೇ ದಿನ ಆದದ್ದಲ್ಲ. ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್‌ಸನ್ 1971ರಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳಿಸಿದಾಗ, ಅದನ್ನು ಬಳಸುವವರು ಬೆರಳೆಣಿಕೆಯ ಸಂಶೋಧಕರಷ್ಟೆ. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಮರುವರ್ಷ, 1996ರ ಜುಲೈ 4ರಂದು, ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ತಮ್ಮ ಗೆಳೆಯ ಜ್ಯಾಕ್ ಸ್ಮಿತ್ ಜೊತೆ ಹಾಟ್‌ಮೇಲ್ ಶುರುಮಾಡಿದರು. ಸೈಬರ್ ಕೆಫೆಗೆ ಹೋಗಿ ಗಂಟೆಗಿಷ್ಟು ಎಂದು ಕಾಸು ಕೊಟ್ಟು ಇಮೇಲ್ ನೋಡಿಬರುತ್ತಿದ್ದ ಕಾಲ ಅದು. ಆಗ ಇಮೇಲಿಗೂ ಒಂದು ಹೊತ್ತಿತ್ತು. ಹಾಟ್‌ಮೇಲಿನ ಉಚಿತ ಖಾತೆಯಲ್ಲಿ 2 ಎಂಬಿ ಜಾಗವಷ್ಟೇ ಇದ್ದುದರಿಂದ ಓದಿ, ಉತ್ತರಿಸಿ, ಅಳಿಸುವುದು ಅನಿವಾರ್ಯವಾಗಿತ್ತು.

2004ರ ಏಪ್ರಿಲ್ 1ರಂದು ಜಿಮೇಲ್ 1 ಜಿಬಿ ಜಾಗದೊಂದಿಗೆ ಬಂದಾಗ ಹಲವರು ಅದನ್ನು ಏಪ್ರಿಲ್ ಫೂಲ್ ತಮಾಷೆಯೆಂದೇ ತಿಳಿದರು. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ಅಳಿಸುವ ಅಭ್ಯಾಸವೇ ಹೋಯಿತು. ‘ಇರಲಿ ಬಿಡು, ಬೇಕಾದಾಗ ಹುಡುಕಿಕೊಂಡರಾಯಿತು’ ಎಂಬ ಧೋರಣೆ ಬಂತು. 2009ರಲ್ಲಿ ಹುಟ್ಟಿದ ವಾಟ್ಸ್‌ಆ್ಯಪ್ ಕೆಲವೇ ವರ್ಷಗಳಲ್ಲಿ ಕಚೇರಿ, ಮನೆ, ನೆಂಟರು, ಹಾಲಿನ ಡೇರಿ ಎಲ್ಲವನ್ನೂ ಒಂದೇ ಪರದೆಗೆ ತಂದಿತು. 2014ರಲ್ಲಿ ನೀಲಿ ಟಿಕ್ ಬಂದ ಮೇಲೆ ‘ನೋಡಿದ್ದೀರಿ, ಯಾಕೆ ಉತ್ತರ ಕೊಟ್ಟಿಲ್ಲ?’ ಎಂಬ ಪ್ರಶ್ನೆಯೂ ಸೇರಿಕೊಂಡಿತು.

ಟಪಾಲು ಗುಮಾಸ್ತನ ಕೆಲಸ ಎಲ್ಲಿಗೂ ಹೋಗಿಲ್ಲ. ಅದು ನಮ್ಮೆಲ್ಲರ ತಲೆಗೆ ಬಂದಿದೆ, ಆದರೆ ಅದಕ್ಕೆಂದು ದಿನದಲ್ಲಿ ಹೊತ್ತನ್ನು ಯಾರೂ ಗೊತ್ತುಮಾಡಿಕೊಟ್ಟಿಲ್ಲ.

ಇಣುಕಿ ನೋಡುವುದರ ಬೆಲೆ

‘ಒಂದು ಸೆಕೆಂಡು ನೋಡಿದರೆ ಏನು ಮಹಾ?’ ಎಂದು ನಾವು ಅಂದುಕೊಳ್ಳುತ್ತೇವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಗ್ಲೋರಿಯಾ ಮಾರ್ಕ್ ಈ ಒಂದು ಸೆಕೆಂಡಿನ ಬೆನ್ನುಹತ್ತಿದವರು. ಅವರ ತಂಡ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕ ಸೇನೆಯ ಕೇಂದ್ರವೊಂದರ 13 ನಾಗರಿಕ ನೌಕರರನ್ನು ಐದು ಕೆಲಸದ ದಿನ ಇಮೇಲಿನಿಂದ ದೂರವಿಟ್ಟು, ಎದೆಬಡಿತ ಅಳೆಯುವ ಸಾಧನ ಕಟ್ಟಿ ನೋಡಲಾಯಿತು. ಇಮೇಲ್ ಇದ್ದಾಗ ಅವರು ಪರದೆಯ ಮೇಲಿನ ಕಿಟಕಿಗಳನ್ನು ಗಂಟೆಗೆ ಸರಾಸರಿ 37 ಸಲ ಬದಲಿಸುತ್ತಿದ್ದರು. ಇಲ್ಲದಾಗ ಅದು ಅರ್ಧಕ್ಕೆ, 18ಕ್ಕೆ ಇಳಿಯಿತು. ಒತ್ತಡವೂ ತಗ್ಗಿತು. ಮಾರ್ಕ್ ಅವರದೇ 2008ರ ಇನ್ನೊಂದು ಪ್ರಯೋಗದ ಫಲಿತಾಂಶ ಮೊದಲ ನೋಟಕ್ಕೆ ವಿಚಿತ್ರ. ನಡುನಡುವೆ ಅಡ್ಡಿಯಾದವರು ಕೆಲಸವನ್ನು ನಿಧಾನವಾಗಿ ಮಾಡಲಿಲ್ಲ, ಬೇಗ ಮುಗಿಸಿದರು. ಆ ಅವಸರಕ್ಕೆ ಅವರು ತೆತ್ತದ್ದು ಹೆಚ್ಚಿನ ಒತ್ತಡ ಮತ್ತು ಹತಾಶೆ.

ಹಾಗೆಂದು ಇಮೇಲ್ ಬಿಟ್ಟು ಬದುಕಲಾದೀತೆ? ಬಿಡಬೇಕಾಗಿಯೂ ಇಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕೋಸ್ಟಾದಿನ್ ಕುಶ್ಲೆವ್ ಮತ್ತು ಎಲಿಜಬೆತ್ ಡನ್ 124 ಮಂದಿಗೆ ಒಂದು ವಾರ ದಿನಕ್ಕೆ ಮೂರೇ ಸಲ ಇಮೇಲ್ ನೋಡಲು, ಇನ್ನೊಂದು ವಾರ ಎಷ್ಟು ಸಲವಾದರೂ ನೋಡಲು ಹೇಳಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮೂರು ಸಲದ ವಾರದಲ್ಲಿ ದಿನದ ಒತ್ತಡ ಸ್ಪಷ್ಟವಾಗಿ ಕಡಿಮೆಯಿತ್ತು.

ಮೂರು ಎಂಬ ಸಂಖ್ಯೆಗೆ ಜೋತುಬೀಳಬೇಕಿಲ್ಲ. ಆಸ್ಪತ್ರೆಯ ಸ್ವಾಗತ ಮೇಜಿನವರಿಗೆ ಅದು ಆಗದು, ಸಂಶೋಧಕರಿಗೆ ಒಂದೇ ಸಲ ಸಾಕಾಗಬಹುದು. ಸಂದೇಶ ಬಂದ ಕ್ಷಣವೇ ಕೆಲಸದ ಕ್ಷಣವಾಗದಂತೆ ನೋಡಿಕೊಳ್ಳುವುದು ಮುಖ್ಯ. ಅದಕ್ಕೆ ಮೊದಲ ಹೆಜ್ಜೆ ಸದ್ದು ನಿಲ್ಲಿಸುವುದು. ಫೋನ್ ಕರೆಗೆ ಮಾತ್ರ ಗಂಟೆ ಇರಲಿ. ಉಳಿದ ಆ್ಯಪ್‌ಗಳ ನೋಟಿಫಿಕೇಶನ್ ಆಫ್ ಮಾಡಿ, ಬೆಳಿಗ್ಗೆ ಕೆಲಸ ಶುರುವಾದ ಒಂದು ಗಂಟೆಯ ನಂತರ, ಊಟಕ್ಕೆ ಮುಂಚೆ, ಮನೆಗೆ ಹೊರಡುವ ಮುಂಚೆ ನಾವಾಗಿಯೇ ಹೋಗಿ ನೋಡುವುದು. ಬೆಳಿಗ್ಗೆ ಎದ್ದವರೇ ಹಾಸಿಗೆಯಲ್ಲಿ ಕೂತು ಇನ್‌ಬಾಕ್ಸ್ ತೆರೆದರೆ ಆ ದಿನದ ಕೆಲಸದ ಪಟ್ಟಿಯನ್ನು ಬೇರೆಯವರ ಕೈಗೆ ಕೊಟ್ಟಂತೆ.

ಇಮೇಲು: ಓದಿದ್ದನ್ನು ಮತ್ತೆ ಓದಬೇಡಿ

ಇನ್‌ಬಾಕ್ಸಿನಲ್ಲಿ ಹೊತ್ತು ಕಳೆಯುವುದು ಹೊಸ ಪತ್ರಗಳಿಂದಲ್ಲ. ಒಂದೇ ಪತ್ರವನ್ನು ಬೆಳಿಗ್ಗೆ ತೆರೆದು, ‘ಆಮೇಲೆ ನೋಡೋಣ’ ಎಂದು ಮುಚ್ಚಿ, ಮಧ್ಯಾಹ್ನ ತೆರೆದು, ಮತ್ತೆ ಮುಚ್ಚಿ, ಸಂಜೆ ‘ಅನ್‌ರೆಡ್’ ಎಂದು ಗುರುತು ಹಾಕುವುದರಿಂದ. ಟಪಾಲು ಗುಮಾಸ್ತ ಒಂದು ಕವರನ್ನು ಒಂದೇ ಸಲ ಒಡೆಯುತ್ತಿದ್ದ. ನಾವೂ ಹಾಗೆಯೇ, ತೆರೆದ ಪತ್ರಕ್ಕೆ ಅಲ್ಲೇ ಒಂದು ಗತಿ ಕಾಣಿಸಬೇಕು.

ಎರಡು ನಿಮಿಷದಲ್ಲಿ ಮುಗಿಯುವ ಉತ್ತರವಾದರೆ ಆಗಲೇ ಬರೆದು ಕಳಿಸಿ. ಬೇರೆಯವರ ಕೆಲಸವಾದರೆ ಅವರಿಗೆ ದಾಟಿಸಿ, ಯಾವತ್ತಿನೊಳಗೆ ಬೇಕೆಂದು ಬರೆಯಿರಿ. ಹೊತ್ತು ಹಿಡಿಯುವ ಕೆಲಸವಾದರೆ ಅದನ್ನು ಇನ್‌ಬಾಕ್ಸಿನಲ್ಲಿ ಬಿಡದೆ ಡೈರಿಗೋ ಕ್ಯಾಲೆಂಡರಿಗೋ ಏರಿಸಿ. ಜಿಮೇಲಿನ ‘ಸ್ನೂಜ್’ ಒತ್ತಿದರೆ ಹೇಳಿದ ದಿನ, ಹೇಳಿದ ಹೊತ್ತಿಗೆ ಪತ್ರ ತಾನೇ ಮೇಲೆ ಬರುತ್ತದೆ. ಬೇಡವಾದದ್ದನ್ನು ಅಳಿಸಿ, ದಾಖಲೆಗೆ ಬೇಕಾದದ್ದನ್ನು ‘ಆರ್ಕೈವ್’ ಮಾಡಿ. ಬ್ಯಾಂಕಿನ ಜಾಹೀರಾತು, ಯಾವತ್ತೋ ಬಟ್ಟೆ ಕೊಂಡ ಅಂಗಡಿಯ ರಿಯಾಯಿತಿ, ಉದ್ಯೋಗ ತಾಣದ ನಿತ್ಯದ ಪತ್ರ – ಇವುಗಳ ತಳದಲ್ಲಿ ‘ಅನ್‌ಸಬ್‌ಸ್ಕ್ರೈಬ್’ ಇರುತ್ತದೆ. ಒತ್ತಲು ಅಂಜಬೇಕಾದದ್ದು ಅಪರಿಚಿತರಿಂದ ಬಂದ ಅನುಮಾನದ ಪತ್ರಗಳಲ್ಲಿ ಮಾತ್ರ. ಅವನ್ನು ‘ಸ್ಪ್ಯಾಮ್’ಗೆ ತಳ್ಳಿದರೆ ಸಾಕು.

ಇನ್ನೊಂದು ಸಂಗತಿ ಹಲವರ ಗಮನಕ್ಕೆ ಬರುವುದೇ ಇಲ್ಲ. ಗೂಗಲ್ ಉಚಿತವಾಗಿ ಕೊಡುವ 15 ಜಿಬಿ ಜಿಮೇಲಿಗೊಂದಕ್ಕೇ ಮೀಸಲಲ್ಲ. ಡ್ರೈವ್ ಮತ್ತು ಫೋಟೊಗಳಿಗೂ ಅದೇ ಜಾಗ. ಮದುವೆಯ ವಿಡಿಯೊಗಳು ಅದನ್ನು ತುಂಬಿಬಿಟ್ಟರೆ ಕಚೇರಿಯ ಪತ್ರಗಳು ಬರುವುದೇ ನಿಲ್ಲುತ್ತದೆ. ಕಳಿಸಿದವರು ‘ಕಳಿಸಿದ್ದೇವೆ’ ಎನ್ನುತ್ತಾರೆ, ನಾವು ‘ಬಂದಿಲ್ಲ’ ಎನ್ನುತ್ತೇವೆ. ಇಬ್ಬರ ಮಾತೂ ನಿಜ.

ಬರೆಯುವ ಕಡೆಗೆ ಬಂದರೆ, ನಮ್ಮ ಸರ್ಕಾರಿ ಪತ್ರಗಳ ನಮೂನೆಯಲ್ಲೇ ಒಂದು ಪಾಠವಿದೆ. ‘ಮಾನ್ಯರೇ’ ಆದ ಕೂಡಲೇ ‘ವಿಷಯ’, ಅದರ ಕೆಳಗೆ ‘ಉಲ್ಲೇಖ’. ಯಾವುದರ ಬಗ್ಗೆ, ಯಾವ ಹಿಂದಿನ ಪತ್ರಕ್ಕೆ ಸಂಬಂಧಿಸಿದ್ದು ಎಂಬುದು ಎರಡು ಸಾಲಿನಲ್ಲಿ ತಿಳಿಯುತ್ತಿತ್ತು. ಅದೇ ಕಚೇರಿಯಿಂದ ಬರುವ ಇಮೇಲಿನ ವಿಷಯದ ಸಾಲಿನಲ್ಲಿ ಈಗ ಇರುವುದು ‘ಮಾಹಿತಿ ಬಗ್ಗೆ’ ಅಥವಾ ‘ಅರ್ಜೆಂಟ್’. ಇಲ್ಲವೇ ಖಾಲಿ. ಹೀಗೊಂದು ಪತ್ರ ಬಂತೆನ್ನಿ:

‘ವಿಷಯ: ಮಾಹಿತಿ ಬಗ್ಗೆ. ಸರ್, ಕಳೆದ ಸಭೆಯಲ್ಲಿ ಚರ್ಚಿಸಿದಂತೆ ಸದರಿ ಮಾಹಿತಿಯನ್ನು ಆದಷ್ಟು ಬೇಗ ಕಳಿಸಿಕೊಡಲು ಕೋರಿದೆ.’

ಯಾವ ಸಭೆ? ಯಾವ ಮಾಹಿತಿ? ಆದಷ್ಟು ಬೇಗ ಎಂದರೆ ಯಾವಾಗ? ಓದಿದವರು ಈ ಮೂರನ್ನೂ ಕೇಳಿ ಬರೆಯಬೇಕು, ಅದಕ್ಕೆ ಉತ್ತರ ಬರಬೇಕು. ಒಂದು ಪತ್ರದಲ್ಲಿ ಮುಗಿಯುವುದಕ್ಕೆ ನಾಲ್ಕಾಗುತ್ತದೆ. ಇದನ್ನೇ ಹೀಗೆ ಬರೆಯಬಹುದಿತ್ತು:

‘ವಿಷಯ: ಶೌಚಾಲಯ ದುರಸ್ತಿ ಅಂದಾಜುಪಟ್ಟಿ – 18ರ ಗುರುವಾರ ಸಂಜೆ 4ರೊಳಗೆ ಬೇಕು. ಸರ್, 10ರ ಸಭೆಯಲ್ಲಿ ಒಪ್ಪಿದಂತೆ ನಿಮ್ಮ ಶಾಲೆಯ ಅಂದಾಜುಪಟ್ಟಿಯನ್ನು ಲಗತ್ತಿಸಿರುವ ನಮೂನೆಯಲ್ಲಿ ಕಳಿಸಿ. ದುರಸ್ತಿ ಇಲ್ಲದಿದ್ದರೆ “ಇಲ್ಲ” ಎಂದಷ್ಟೇ ಉತ್ತರಿಸಿದರೆ ಸಾಕು.’

ಕೊನೆಯ ವಾಕ್ಯ ಗಮನಿಸಿ. ಉತ್ತರಿಸುವವರ ಕೆಲಸವನ್ನು ಹಗುರ ಮಾಡಿದಷ್ಟೂ ಉತ್ತರ ಬೇಗ ಬರುತ್ತದೆ. ಕೆಲಸವನ್ನು ಯಾರು ಮಾಡಬೇಕೋ ಅವರ ಹೆಸರು ‘ಟು’ ಸಾಲಿನಲ್ಲಿ, ತಿಳಿದಿದ್ದರೆ ಸಾಕಾದವರ ಹೆಸರು ‘ಸಿಸಿ’ಯಲ್ಲಿ. ‘ಟು’ ಸಾಲಿನಲ್ಲಿ ಹತ್ತು ಜನರನ್ನು ಹಾಕಿದರೆ ಹತ್ತು ಜನರೂ ಇನ್ನೊಬ್ಬರು ಮಾಡುತ್ತಾರೆ ಎಂದು ಸುಮ್ಮನಿರುತ್ತಾರೆ. ಮೇಲಧಿಕಾರಿಗೆ ‘ಸಿಸಿ’ ಹಾಕಿ ಸಹೋದ್ಯೋಗಿಯನ್ನು ಹೆದರಿಸುವ ಚಾಳಿಯಿಂದ ಕೆಲಸವೂ ಆಗದು, ಸ್ನೇಹವೂ ಉಳಿಯದು. ಸಿಟ್ಟಿನಲ್ಲಿ ಬರೆದ ಪತ್ರಕ್ಕೆ ಜಿಮೇಲಿನಲ್ಲಿ ‘ಅನ್‌ಡು ಸೆಂಡ್’ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು 30 ಸೆಕೆಂಡಿಗೆ ಏರಿಸಿಡಿ.

ಕನ್ನಡದಲ್ಲಿ ವ್ಯವಹರಿಸುವ ಕಚೇರಿಗಳಿಗೆ ತಮ್ಮದೇ ಆದ ಒಂದು ತಾಪತ್ರಯವಿದೆ. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದ ಪತ್ರವನ್ನು ಹಾಗೇ ಲಗತ್ತಿಸಿದರೆ, ಆ ಫಾಂಟು ಇಲ್ಲದ ಮೊಬೈಲಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಪಿಡಿಎಫ್ ಮಾಡಿದರೆ ಓದಲು ಬರುತ್ತದೆ, ಆದರೆ ಅದರಿಂದ ಒಂದು ಸಾಲು ಕಾಪಿ ಮಾಡಿದರೆ ಮತ್ತೆ ಅದೇ ರಾಶಿ. ಹುಡುಕಿದರೂ ಸಿಗದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೂ ಜಾಗವಿದೆ, ನುಡಿಯ ಈಚಿನ ಆವೃತ್ತಿಗಳಲ್ಲೂ ಯೂನಿಕೋಡ್ ಇದೆ. ಆ ಒಂದು ಆಯ್ಕೆ ಬದಲಿಸಿದರೆ, ಮೂರು ವರ್ಷದ ಹಿಂದಿನ ಸುತ್ತೋಲೆಯನ್ನೂ ಕನ್ನಡದಲ್ಲೇ ಹುಡುಕಿ ತೆಗೆಯಬಹುದು.

ಗ್ರೂಪು: ಯಾವುದಕ್ಕೆ, ಯಾರಿಗೆ?

ಕರ್ನಾಟಕದ ಬಹುಪಾಲು ಕೆಲಸ ಈಗ ನಡೆಯುವುದು ಇಮೇಲಿನಲ್ಲಲ್ಲ, ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ. ಪಂಚಾಯಿತಿ, ಅಂಗನವಾಡಿ, ಆಶಾ ಕಾರ್ಯಕರ್ತೆಯರು, ಶಾಲೆ, ಸಹಕಾರ ಸಂಘ, ಕಂಪನಿಯ ಮಾರಾಟ ತಂಡ, ಅಪಾರ್ಟ್‌ಮೆಂಟಿನ ಸಮಿತಿ – ಗ್ರೂಪಿಲ್ಲದ ಘಟಕವೇ ಇಲ್ಲ. ಇದು ತಪ್ಪೇನಲ್ಲ. ಇಮೇಲ್ ತೆರೆದೇ ನೋಡದ ಲಕ್ಷಾಂತರ ಜನರನ್ನು ಕೆಲಸದ ಮಾತುಕತೆಗೆ ಸೇರಿಸಿದ್ದು ವಾಟ್ಸ್‌ಆ್ಯಪ್. ತೊಂದರೆ ಇರುವುದು ಆದೇಶ, ಚರ್ಚೆ, ಹರಟೆ ಮೂರೂ ಒಂದೇ ಕಡೆ ಹರಿಯುವುದರಲ್ಲಿ.

ಹಾಗಾಗಿ ಮೂರನ್ನೂ ಬೇರೆ ಮಾಡಬೇಕು. ಆದೇಶ, ಸುತ್ತೋಲೆ, ನಮೂನೆಗಳಿಗೆ ಅಡ್ಮಿನ್‌ಗಳು ಮಾತ್ರ ಬರೆಯಬಹುದಾದ ಗ್ರೂಪು. ಈ ಸೌಲಭ್ಯ 2018ರಿಂದಲೇ ಇದೆ. ಅಲ್ಲಿ ‘ಓಕೆ ಸರ್’ಗೆ ಅವಕಾಶವೇ ಇರುವುದಿಲ್ಲ. ಹೆಬ್ಬೆರಳಿನ ಗುರುತು ಒತ್ತಿದರೆ ಅದು ಸಂದೇಶದ ಬುಡದಲ್ಲೇ ಕೂರುತ್ತದೆ, ಯಾರ ಫೋನನ್ನೂ ತುಂಬುವುದಿಲ್ಲ. ಸಂಶಯ ಕೇಳಲು, ಚರ್ಚಿಸಲು ಇನ್ನೊಂದು ಗ್ರೂಪು. ಹುಟ್ಟುಹಬ್ಬ, ವರ್ಗಾವಣೆಯ ಅಭಿನಂದನೆ, ‘ಶುಭೋದಯ’ದ ಗುಲಾಬಿಗಳಿಗೆ ಮೂರನೆಯದು. ಅದರಲ್ಲಿ ಇರುವುದೂ ಬಿಡುವುದೂ ಅವರವರ ಇಷ್ಟ. ಜೊತೆಗೆ ಕೆಲಸ ಮಾಡುವವರಿಗೆ ನಗುವುದಕ್ಕೂ ಒಂದು ಜಾಗ ಬೇಕು. ಅದು ಆದೇಶಗಳ ನಡುವೆ ಇರಬಾರದಷ್ಟೆ.

ಆದೇಶಗಳನ್ನು ಫೋಟೊ ತೆಗೆದು ಹಾಕುವ ರೂಢಿಯೂ ನಿಲ್ಲಬೇಕು. ಓರೆಯಾಗಿ ತೆಗೆದ ಚಿತ್ರ, ಮೂಲೆಯಲ್ಲಿ ಹೆಬ್ಬೆರಳು, ಕೊನೆಯ ಸಾಲು ಕತ್ತರಿಸಿ ಹೋಗಿರುತ್ತದೆ. ಕೊನೆಯ ದಿನಾಂಕ ಇರುತ್ತಿದ್ದುದು ಆ ಸಾಲಿನಲ್ಲೇ. ಫೋಟೊ ಹಾಕಲೇಬೇಕಾದರೆ ಅದರ ಕೆಳಗೆ ಎರಡು ಸಾಲಿನಲ್ಲಿ ವಿಷಯ ಮತ್ತು ದಿನಾಂಕವನ್ನು ಟೈಪ್ ಮಾಡಿ. ಮುಂದೆ ಹುಡುಕಿದರೆ ಸಿಗುತ್ತದೆ. ಮೂರು ನಿಮಿಷದ ಧ್ವನಿ ಸಂದೇಶಕ್ಕೂ ಇದೇ ಮಾತು. ಕಳಿಸುವವರಿಗೆ ಸುಲಭ, ಆದರೆ ಐವತ್ತು ಜನ ಕೇಳಬೇಕಾದರೆ ಒಟ್ಟು ನೂರೈವತ್ತು ನಿಮಿಷ. ಬಸ್ಸಿನಲ್ಲಿ, ತರಗತಿಯಲ್ಲಿ, ಸಭೆಯಲ್ಲಿ ಇದ್ದವರಿಗೆ ಕೇಳಲೂ ಆಗದು.

ಗ್ರೂಪಿನಲ್ಲಿ ಬರೆದದ್ದು ಗಾಳಿಗೆ ಹೋಗುವ ಮಾತಲ್ಲ ಎಂಬುದೂ ನೆನಪಿರಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ಗೊತ್ತುಪಡಿಸಿದ ಪ್ರಮಾಣಪತ್ರ ಜೊತೆಗಿದ್ದರೆ ಇಂಥ ವಿದ್ಯುನ್ಮಾನ ದಾಖಲೆಗಳು ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತವೆ. ಆದ್ದರಿಂದ ಹಣ, ರಜೆ, ಶಿಸ್ತುಕ್ರಮ, ಗುತ್ತಿಗೆಯ ಷರತ್ತು ಇಂಥವನ್ನು ಗ್ರೂಪಿನಲ್ಲಿ ಇತ್ಯರ್ಥ ಮಾಡದೆ ಇಮೇಲಿನಲ್ಲೋ ಪತ್ರದಲ್ಲೋ ದಾಖಲಿಸುವುದು ಇಬ್ಬರಿಗೂ ಕ್ಷೇಮ.

ಜಾಲತಾಣ: ಅಂಗಡಿಯೋ, ಸಂತೆಯೋ?

ಕೆಲಸಕ್ಕಾಗಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಬಳಸುವವರ ಕಷ್ಟ ಬೇರೆ. ಗಿರಾಕಿಗೆ ಉತ್ತರಿಸಲೆಂದು ಹೋದವರು ಮುಕ್ಕಾಲು ಗಂಟೆ ಯಾರದೋ ರೀಲ್ಸ್ ನೋಡಿ ಹೊರಬರುತ್ತಾರೆ. ಗಿರಾಕಿಗೆ ಉತ್ತರ ಹೋಗಿರುವುದೇ ಇಲ್ಲ. ಈ ತಾಣಗಳಿಗೆ ಬರುವ ಆದಾಯ ಜಾಹೀರಾತಿನದು. ನೀವು ಒಳಗೆ ಇದ್ದಷ್ಟು ಹೊತ್ತು ಅವರಿಗೆ ಲಾಭ, ಹೊರಗೆ ಬಂದಷ್ಟು ನಿಮಗೆ. ಹಾಗಾಗಿ ಹಾಕುವ ಕೆಲಸವನ್ನೂ ನೋಡುವ ಚಟವನ್ನೂ ಬೇರೆ ಮಾಡಿಕೊಳ್ಳಬೇಕು. ಮೆಟಾ ಬಿಸಿನೆಸ್ ಸೂಟ್‌ನಲ್ಲಿ ವಾರದ ಪೋಸ್ಟುಗಳನ್ನು ಒಂದೇ ದಿನ ಕೂತು ತಯಾರಿಸಿ, ದಿನ–ಹೊತ್ತು ಗೊತ್ತುಪಡಿಸಿ ಇಡಬಹುದು. ಫೇಸ್‌ಬುಕ್ ಪುಟಕ್ಕೂ ಇನ್‌ಸ್ಟಾಗ್ರಾಂಗೂ ಬಂದ ಸಂದೇಶಗಳು ಅಲ್ಲಿ ಒಂದೇ ಕಡೆ ಸಿಗುತ್ತವೆ. ಫೀಡ್ ತೆರೆಯದೆಯೇ ಉತ್ತರಿಸಿ ಬರಬಹುದು.

ಮೊದಲು ಹೇಳಿದ ಹೋಂಸ್ಟೇಗೇ ಬರೋಣ. ಶನಿವಾರದ ಒಂದು ಕೋಣೆಯನ್ನು ಇಬ್ಬರಿಗೆ ಒಪ್ಪಿಕೊಂಡುಬಿಟ್ಟರೆ, ಬೆಂಗಳೂರಿನಿಂದ ಘಾಟಿಯವರೆಗೆ ಕಾರು ಓಡಿಸಿಕೊಂಡು ಬಂದವರ ಕೋಪವೂ, ಆಮೇಲೆ ಅವರು ಬರೆಯುವ ಒಂದು ನಕ್ಷತ್ರದ ವಿಮರ್ಶೆಯೂ ಖಾತ್ರಿ. ಇಲ್ಲಿ ಆ್ಯಪುಗಳಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಒಂದೇ ಒಂದು ಬುಕಿಂಗ್ ವಹಿ. ವಿಚಾರಣೆ ಯಾವ ದಾರಿಯಿಂದಲಾದರೂ ಬರಲಿ, ‘ಕೋಣೆ ಇದೆ’ ಎನ್ನುವ ಮುನ್ನ ಆ ವಹಿ ನೋಡಬೇಕು, ‘ಆಯಿತು’ ಎಂದ ಕೂಡಲೇ ಅದರಲ್ಲಿ ಬರೆಯಬೇಕು. ಗೂಗಲ್ ಕ್ಯಾಲೆಂಡರಾದರೂ ಸರಿ, ಗೋಡೆಗೆ ನೇತುಹಾಕಿದ ಕ್ಯಾಲೆಂಡರಾದರೂ ಸರಿ. ಇನ್ನು ದರ ಎಷ್ಟು, ಊಟ ಸೇರಿದೆಯಾ, ದಾರಿ ಹೇಗೆ, ನಾಯಿ ತರಬಹುದಾ – ನಿತ್ಯ ಬರುವ ಪ್ರಶ್ನೆಗಳು ಇವೇ. ಭಾರತಕ್ಕೆ 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ‘ಕ್ವಿಕ್ ರಿಪ್ಲೈ’ ಎಂಬ ಸೌಲಭ್ಯವಿದೆ. ಉತ್ತರವನ್ನು ಒಮ್ಮೆ ಚೆಂದವಾಗಿ ಬರೆದಿಟ್ಟರೆ ಆಮೇಲೆ ಎರಡು ಅಕ್ಷರ ಒತ್ತಿದರೆ ಸಾಕು. ‘ಮುಂಗಡ ಬಂದಿದೆ’, ‘ಬಾಕಿ ಇದೆ’ ಎಂದು ಗಿರಾಕಿಗಳ ಹೆಸರಿಗೆ ಲೇಬಲ್ ಹಚ್ಚಬಹುದು. ರಾತ್ರಿ ಒಂಬತ್ತರ ಮೇಲೆ ಬರೆದವರಿಗೆ ‘ಬೆಳಿಗ್ಗೆ ಎಂಟಕ್ಕೆ ಉತ್ತರಿಸುತ್ತೇವೆ’ ಎಂದು ತಾನಾಗಿ ಹೋಗುವ ಸಂದೇಶವನ್ನೂ ಇಡಬಹುದು. ಗಿರಾಕಿಗೆ ಬೇಕಾದದ್ದು ತಕ್ಷಣದ ಉತ್ತರಕ್ಕಿಂತ ಉತ್ತರ ಯಾವಾಗ ಬರುತ್ತದೆಂಬ ಖಾತ್ರಿ.

ಪುಟದ ಅಡ್ಮಿನ್ ಯಾರೆಂಬುದನ್ನೂ ಒಮ್ಮೆ ನೋಡಿಕೊಳ್ಳಿ. ಪುಟವನ್ನು ಮಾಡಿಕೊಟ್ಟ ಹುಡುಗ ಕೆಲಸ ಬಿಟ್ಟುಹೋದ ಮೇಲೆ ಪಾಸ್‌ವರ್ಡ್ ಅವನ ಬಳಿಯೇ ಉಳಿದು ಪರದಾಡುವ ಅಂಗಡಿಗಳು ಬೇಕಾದಷ್ಟಿವೆ. ಖಾತೆ ಸಂಸ್ಥೆಯ ಇಮೇಲಿನಲ್ಲಿರಲಿ, ಅಡ್ಮಿನ್‌ಗಳು ಇಬ್ಬರಿರಲಿ. ಸರ್ಕಾರಿ ನೌಕರರಂತೂ ಸ್ವಂತ ಖಾತೆಯಲ್ಲಿ ಬರೆಯುವಾಗಲೂ ಕರ್ನಾಟಕ ರಾಜ್ಯ ನಾಗರಿಕ ಸೇವಾ (ನಡತೆ) ನಿಯಮಗಳು, 2021 ಇರುವುದನ್ನು ಮರೆಯುವಂತಿಲ್ಲ.

ಅವಸರವೇ ವಂಚಕರ ಬಂಡವಾಳ

ಇನ್‌ಬಾಕ್ಸ್ ತುಂಬಿ ತುಳುಕುತ್ತಿರುವವರು ಓದದೆಯೇ ಒತ್ತುತ್ತಾರೆ. ವಂಚಕರು ಕಾಯುವುದು ಅದಕ್ಕೇ. ಸರಕು ಕಳಿಸುವ ಕಂಪನಿಯ ಹೆಸರಿನಲ್ಲಿ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಬಾರಿಯ ಹಣ ಇದಕ್ಕೆ ಹಾಕಿ’ ಎಂಬ ಪತ್ರ ಬರುತ್ತದೆ. ವಿಳಾಸದಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ. ತಿಂಗಳ ಕೊನೆಯ ಗಡಿಬಿಡಿಯಲ್ಲಿ ಲೆಕ್ಕಪತ್ರದವರು ಅದನ್ನು ನೋಡುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಇದರ ಇನ್ನೊಂದು ಮುಖ: ಮದುವೆಯ ಆಮಂತ್ರಣ ಎಂದು ಬರುವ ‘ಎಪಿಕೆ’ ಕಡತ. ಒತ್ತಿದರೆ ತೆರೆಯುವುದು ಆಮಂತ್ರಣವಲ್ಲ, ನಿಮ್ಮ ಫೋನಿನ ಬೀಗ.

ಹಣದ ವಿಷಯದಲ್ಲಿ ಒಂದು ನಿಯಮ ಸಾಕು. ಖಾತೆ ಸಂಖ್ಯೆ ಬದಲಾಗಿದೆ ಎಂದು ಯಾರೇ ಬರೆದರೂ, ಮೊದಲಿನಿಂದ ನಿಮ್ಮಲ್ಲಿರುವ ಸಂಖ್ಯೆಗೆ ಫೋನ್ ಮಾಡಿ ಕೇಳಿ. ಆ ಪತ್ರದಲ್ಲೇ ಕೊಟ್ಟಿರುವ ಸಂಖ್ಯೆಗಲ್ಲ. ಇಮೇಲಿಗೂ ವಾಟ್ಸ್‌ಆ್ಯಪ್‌ಗೂ ಎರಡು ಹಂತದ ಪರಿಶೀಲನೆ ಹಾಕಿಕೊಳ್ಳಿ. ಹಣ ಹೋಗಿಯೇಬಿಟ್ಟರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ನಡುದಾರಿಯಲ್ಲಿ ತಡೆಯುವ ಸಾಧ್ಯತೆ ಹೆಚ್ಚು.

ಒಬ್ಬರ ಶಿಸ್ತು ಸಾಲದು

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಮುಖ್ಯ ಶಿಕ್ಷಕಿ ನೋಟಿಫಿಕೇಶನ್ ಆಫ್ ಮಾಡಬಹುದು. ಆದರೆ ಹತ್ತಕ್ಕೆ ಬಂದ ಆದೇಶಕ್ಕೆ ಹನ್ನೊಂದರ ಗಡುವು ಇದ್ದರೆ? ಎಂಜಿನಿಯರು ರಾತ್ರಿ ಲ್ಯಾಪ್‌ಟಾಪ್ ಮುಚ್ಚಬಹುದು. ಮ್ಯಾನೇಜರು ಹನ್ನೊಂದು ಗಂಟೆಗೆ ‘ಪ್ಲೀಸ್ ಚೆಕ್’ ಎಂದು ಬರೆದರೆ? ಇನ್‌ಬಾಕ್ಸ್ ನಿಭಾಯಿಸುವ ಪುಸ್ತಕಗಳೆಲ್ಲ ಭಾರವನ್ನು ಸಂದೇಶ ಪಡೆಯುವವರ ಮೇಲೆ ಹೊರಿಸುತ್ತವೆ. ಹೊರೆ ಹುಟ್ಟುವುದು ಕಳಿಸುವವರ ಕಡೆಯಲ್ಲಿ.

ಬೇರೆ ದೇಶಗಳು ಇದನ್ನು ಕಾನೂನಿನ ದಾರಿಯಲ್ಲಿ ನೋಡಿವೆ. ಫ್ರಾನ್ಸ್‌ನಲ್ಲಿ 2017ರ ಜನವರಿ 1ರಿಂದ ‘ಸಂಪರ್ಕ ಕಡಿದುಕೊಳ್ಳುವ ಹಕ್ಕು’ ಜಾರಿಯಲ್ಲಿದೆ. ಆ ಕಾನೂನು ಇಂತಿಷ್ಟು ಗಂಟೆಯ ನಂತರ ಇಮೇಲ್ ಕೂಡದು ಎಂದು ಹೇಳುವುದಿಲ್ಲ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು ನೌಕರರ ಜೊತೆ ಕೂತು ಈ ಬಗ್ಗೆ ಮಾತುಕತೆ ನಡೆಸಬೇಕು ಎನ್ನುತ್ತದೆ. ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ, ಕೆಲಸದ ಹೊತ್ತಿನಾಚೆ ಬಂದ ಸಂದೇಶವನ್ನು ನೋಡದಿರುವ ಹಕ್ಕು ನೌಕರರಿಗಿದೆ. ನಿರಾಕರಣೆ ಸಕಾರಣವಾಗಿರಬೇಕು, ಅಷ್ಟೆ. ಜರ್ಮನಿಯ ಡೈಮ್ಲರ್ ಕಂಪನಿ 2014ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ರಜೆಯಲ್ಲಿರುವ ನೌಕರ ಬಯಸಿದರೆ, ಅವನಿಗೆ ಬಂದ ಪತ್ರ ತಾನಾಗಿ ಅಳಿಸಿಹೋಗಿ, ಕಳಿಸಿದವರಿಗೆ ‘ಇಂಥವರನ್ನು ಸಂಪರ್ಕಿಸಿ’ ಎಂಬ ಉತ್ತರ ಹೋಗುತ್ತದೆ.

ನಮ್ಮಲ್ಲಿ ಸಂಸದೆ ಸುಪ್ರಿಯಾ ಸುಳೆ ಇಂಥದೊಂದು ಖಾಸಗಿ ಮಸೂದೆಯನ್ನು 2018ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ. ಕರ್ನಾಟಕದಲ್ಲಿ ಗಾಳಿ ಬೀಸಿದ್ದು ಎದುರು ದಿಕ್ಕಿಗೆ. ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆವರೆಗೆ ವಿಸ್ತರಿಸಲು ಅವಕಾಶ ಕೊಡುವ ಪ್ರಸ್ತಾವ 2024ರಲ್ಲಿ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ಬೀದಿಗಿಳಿಯಿತು.

ಕಾನೂನು ಬರುವವರೆಗೆ ಕಾಯಬೇಕಿಲ್ಲ. ಫ್ರಾನ್ಸ್‌ನ ಕಾನೂನು ಕೇಳುವುದೂ ಕೊನೆಗೆ ಒಂದು ಮಾತುಕತೆಯನ್ನೇ. ಅದು ಹತ್ತು ಜನರ ಕಚೇರಿಯಲ್ಲೂ ಒಂದು ಚಹಾ ಮುಗಿಯುವುದರೊಳಗೆ ಆಗಬಹುದು. ಒಂದು ಹಾಳೆಯಲ್ಲಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಲು ಇಷ್ಟು ಸಾಕು:

• ದಾಖಲೆಗೆ ಇಮೇಲ್. ಆದೇಶ ಮತ್ತು ಸೂಚನೆಗೆ ಅಡ್ಮಿನ್ ಗ್ರೂಪು. ಚರ್ಚೆಗೆ ಚರ್ಚೆಯ ಗ್ರೂಪು.

• ಇಮೇಲಿಗೆ ಮರುದಿನ ಸಂಜೆಯೊಳಗೆ, ಗ್ರೂಪಿನ ಸಂದೇಶಕ್ಕೆ ಅದೇ ದಿನ ಸಂಜೆಯೊಳಗೆ ಉತ್ತರ. ಅದಕ್ಕೂ ಮೊದಲು ಯಾರೂ ‘ನೋಡಿದಿರಾ?’ ಎಂದು ಕೇಳುವಂತಿಲ್ಲ.

• ಗಂಟೆಯೊಳಗೆ ಉತ್ತರ ಬೇಕಾದರೆ ಫೋನ್ ಮಾಡಬೇಕು.

• ಮಾಹಿತಿ ಕೇಳುವವರು ಕನಿಷ್ಠ ಒಂದು ಪೂರ್ಣ ಕೆಲಸದ ದಿನ ಕೊಡಬೇಕು. ಈಗಾಗಲೇ ಶಾಲಾ ಮಕ್ಕಳ ಮಾಹಿತಿಯ ಸ್ಯಾಟ್ಸ್‌ನಂಥ ತಂತ್ರಾಂಶದಲ್ಲಿ ಇರುವ ಮಾಹಿತಿಯನ್ನು ಮತ್ತೆ ಕೇಳುವಂತಿಲ್ಲ.

• ಸಂಜೆ ಏಳರ ನಂತರ ಹೊಳೆದದ್ದನ್ನು ‘ಶೆಡ್ಯೂಲ್ ಸೆಂಡ್’ ಹಾಕಿ ಬೆಳಿಗ್ಗೆ ಹೋಗುವಂತೆ ಮಾಡಬೇಕು.

ಮೂರನೆಯ ಸಾಲು ಇಡೀ ಹಾಳೆಯ ಜೀವ. ಫೋನ್ ಮಾಡಲು ಕಳಿಸುವವರೂ ತಮ್ಮ ಹೊತ್ತು ಕೊಡಬೇಕಾಗುತ್ತದೆ, ಎದುರಿನವರ ದನಿ ಕೇಳಬೇಕಾಗುತ್ತದೆ, ಯಾಕೆ ಇಷ್ಟು ಅವಸರ ಎಂದು ಕೇಳಿದರೆ ಕಾರಣ ಹೇಳಬೇಕಾಗುತ್ತದೆ. ಐವತ್ತು ಮುಖ್ಯ ಶಿಕ್ಷಕರಿಗೆ ‘ಅತಿ ತುರ್ತು’ ಎಂದು ಫಾರ್ವರ್ಡ್ ಮಾಡಲು ಐದು ಸೆಕೆಂಡು ಸಾಕು. ಐವತ್ತು ಜನರಿಗೂ ಫೋನ್ ಮಾಡಬೇಕಾಗಿ ಬಂದರೆ, ಆ ಮಾಹಿತಿ ನಿಜವಾಗಿಯೂ ಹನ್ನೊಂದರೊಳಗೆ ಬೇಕೇ ಎಂದು ಕಳಿಸುವವರೇ ಮೊದಲು ಯೋಚಿಸುತ್ತಾರೆ. ಬಹುಪಾಲು ತುರ್ತುಗಳು ಅಲ್ಲಿಗೇ ಮುಗಿಯುತ್ತವೆ. ಉಳಿದವು ನಿಜವಾದ ತುರ್ತುಗಳು. ಅವಕ್ಕೆ ಪಾಠ ಬಿಟ್ಟು ಎದ್ದುಬರಲು ಯಾವ ಶಿಕ್ಷಕಿಯೂ ಬೇಸರಪಡುವುದಿಲ್ಲ.

ಹಾಗಾಗಿ ಆ ಹಾಳೆಯ ಮೇಲೆ ಮೊದಲ ರುಜು ಕಚೇರಿಯ ಅತಿ ಕಿರಿಯ ನೌಕರನದಾಗಬಾರದು. ಗ್ರೂಪಿಗೆ ಅತಿ ಹೆಚ್ಚು ಸಂದೇಶ ಕಳಿಸುವವರು ಯಾರೋ, ಅವರದಾಗಬೇಕು.